ಆಟ ಕಸಿದವರು ಅಕ್ಷರ ಕೊಡ್ತಾರಾ?

2021ರ ಸೆಪ್ಟೆಂಬರ್. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ. ಎರಡು ವರ್ಷ ತುಂಬಿದ ದಲಿತ ಕೂಸೊಂದನ್ನು ಹುಟ್ಟಿದ ದಿನ ಅಂತ ಹನುಮಪ್ಪನ ಗುಡಿಗೆ ಕರೆದುಕೊಂಡು ಹೋಗಿದ್ದರು. ದೊಡ್ಡವರು ಎಂದಿನಂತೆ ಹೊರಗೇ ನಿಂತು ಕೈ ಮುಗಿದರು. ಕೂಸಿಗೆ ಹೊರಗು ಒಳಗು ಗೊತ್ತಿಲ್ಲ. ಅದು ಓಡಿತು. ಒಳಕ್ಕೆ ಓಡಿತು. ಅಷ್ಟೇ. ಗುಡಿ ಮೈಲಿಗೆಯಾಯಿತು ಎಂದರು. ಶುದ್ಧಿ ಮಾಡಿಸಬೇಕು, 25,000 ರೂಪಾಯಿ ಕಟ್ಟು ಎಂದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಬಂದರು, ಕೇಸು ಹಾಕಿದರು, ಕೆಲವರನ್ನು ಹಿಡಿದರು, ಅಧಿಕಾರಿಗಳು ಸಭೆ ಮಾಡಿದರು, ಎಲ್ಲ ಆಯಿತು.

ನಾವು ಕೇಳುವುದು ಬೇರೆ ಪ್ರಶ್ನೆ. ಎರಡು ವರ್ಷದ ಕೂಸು ಯಾಕೆ ಓಡುತ್ತೆ?

ಆಡುವುದಕ್ಕೆ ಓಡುತ್ತೆ. ಕಾಲಿಗೆ ಬಲ ಬಂದಿದೆ ಅಂತ ಓಡುತ್ತೆ. ಅಗೋ ಅಲ್ಲಿ ಏನೋ ಇದೆ, ಮುಟ್ಟಿ ನೋಡೋಣ ಅಂತ ಓಡುತ್ತೆ. ಮುಟ್ಟಿ, ಎಳೆದು, ಬೀಳಿಸಿ, ಬಾಯಿಗಿಟ್ಟು ನೋಡಿಯೇ ಮನುಷ್ಯನ ಮರಿ ಈ ಲೋಕವನ್ನು ಕಲಿಯೋದು. ಹಾಗೆ ಕಲಿಯಲು ಹೊರಟ ಕೂಸಿಗೆ ಈ ಸಮಾಜ ಕೊಟ್ಟ ಮೊದಲ ಪಾಠ: ಓಡಬೇಡ, ಮುಟ್ಟಬೇಡ, ನಿಲ್ಲು. ಒಬ್ಬರ ಮಗುವಿಗೆ ನೆಲ ಅಂದರೆ ಓಡುವ ಜಾಗ. ನಮ್ಮ ಮಗುವಿಗೆ ನೆಲ ಅಂದರೆ ಹೋಗಬಾರದ ಜಾಗಗಳ ಪಟ್ಟಿ.

ಆದ್ದರಿಂದ ಗೆಳೆಯರೇ, ಈ ಸಲ ನಾವು ಆಟದ ಬಗ್ಗೆ ಬರೆಯುತ್ತಿದ್ದೇವೆ. "ಭೂಮಿ ಹೋರಾಟ ಇದೆ, ಹಾಸ್ಟೆಲ್ ಸಮಸ್ಯೆ ಇದೆ, ಮೀಸಲಾತಿ ಗಂಡಾಂತರದಲ್ಲಿದೆ, ಇವರಿಗೆ ಮಕ್ಕಳಾಟದ ಚಿಂತೆ" ಎಂದು ನಗುವವರು ನಗಲಿ. ನಕ್ಕು ಮುಗಿದ ಮೇಲೆ ಮುಂದಕ್ಕೆ ಓದಲಿ.

*

ಆಟ ಎಂದರೆ ಹೊತ್ತು ಕಳೆಯುವುದು ಎಂದು ನಮ್ಮ ತಲೆಯಲ್ಲಿ ತುಂಬಿದವರು ಯಾರು? ನಮ್ಮ ಹಟ್ಟಿಗಳಲ್ಲಿ ಆಡುವ ಮಗುವನ್ನು ಕಂಡರೆ ಗೌಡರಿಗೆ ಕಣ್ಣುರಿ. ಕೈಕಾಲು ಬಂದ ಮೇಲೆ ದನ ಕಾಯಲಿ, ಸಗಣಿ ಎತ್ತಲಿ, ಕೂಸು ಎತ್ತಿಕೊಳ್ಳಲಿ. ಜೀತದ ಲೆಕ್ಕದಲ್ಲಿ ಆಟ ಎಂದರೆ ಕಳೆದುಹೋದ ಕೂಲಿ. ಆ ಒಡೆಯನ ಲೆಕ್ಕವನ್ನೇ ನಾವು ನಮ್ಮ ಲೆಕ್ಕ ಮಾಡಿಕೊಂಡಿದ್ದೇವೆ.

ಈಗ ಒಂದು ನಾಲ್ಕು ವರ್ಷದ ಮಗುವನ್ನು ಸುಮ್ಮನೆ ಕೂತು ನೋಡಿ. ಒಂದು ಕೋಲು ಹಿಡಿದು ಕಾಲ ಸಂದಿಗೆ ಇಟ್ಟುಕೊಂಡು "ನನ್ ಕುದ್ರೆ" ಅನ್ನುತ್ತೆ. ಅದಕ್ಕೆ ಗೊತ್ತು, ಅದು ಕೋಲು. ಆದರೂ ಅದನ್ನು ಕುದುರೆ ಅನ್ನುತ್ತೆ, ನೀರು ಕುಡಿಸುತ್ತೆ, ಕಟ್ಟಿ ಹಾಕುತ್ತೆ. ಒಂದು ವಸ್ತುವನ್ನು ಇಟ್ಟುಕೊಂಡು ಅಲ್ಲಿ ಇಲ್ಲದ ಇನ್ನೊಂದನ್ನು ಕಾಣುವ ಶಕ್ತಿ ಇದು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್ಸ್ಕಿ 1933ರಲ್ಲೇ ಈ ಕೋಲುಕುದುರೆಯನ್ನು ಹಿಡಿದು ಉಪನ್ಯಾಸ ಮಾಡಿದ. ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುವುದನ್ನು ಮಗು ಕಲಿಯುವುದು ಆಟದಲ್ಲೇ ಎಂದ.

ಇದಕ್ಕೂ ಅಕ್ಷರಕ್ಕೂ ಏನು ಸಂಬಂಧ? ಇದೇ ಸಂಬಂಧ: 'ಅ' ಎಂಬುದೂ ಒಂದು ಕೋಲೇ. ನಾಲ್ಕು ಗೀರು. ಆ ಗೀರಿನೊಳಗೆ ಒಂದು ದನಿ ಇದೆ ಎಂದು ಒಪ್ಪಿಕೊಳ್ಳಬೇಕಾದರೆ ಮಗುವಿಗೆ ಕೋಲಿನೊಳಗೆ ಕುದುರೆ ಕಂಡಿರಬೇಕು. ಕುದುರೆ ಕಾಣುವ ಮೊದಲೇ ಗೀರು ತಿದ್ದಿಸಿದರೆ ಮಗು ಗೀರನ್ನೇ ಕಲಿಯುತ್ತೆ, ಅಕ್ಷರವನ್ನಲ್ಲ. ಐದನೇ ಕ್ಲಾಸಿಗೆ ಬಂದರೂ ಬೋರ್ಡು ನೋಡಿ ಚಂದ ಬರೆದು, ಬರೆದದ್ದನ್ನು ಓದಲಾಗದ ಮಕ್ಕಳನ್ನು ನಮ್ಮ ಹಳ್ಳಿ ಮೇಷ್ಟ್ರುಗಳು ದಿನಾ ನೋಡುತ್ತಾರೆ. ಅವರಿಗೆ ನಾವು ಹೇಳಬೇಕಾಗಿಲ್ಲ.

ಮಣ್ಣು ಕಲಸಿ ಬಸವನನ್ನು ಮಾಡುವ ಬೆರಳೇ ನಾಳೆ ಬಳಪ ಹಿಡಿಯಬೇಕಾದ ಬೆರಳು. ಮೂರು ವರ್ಷದ ಮಗುವಿನ ಅಂಗೈಯ ಸಣ್ಣ ಮಾಂಸಖಂಡಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಅವಕ್ಕೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆ ಕಾಪಿಯಲ್ಲಿ ತಿದ್ದು ಎನ್ನುವುದು ಕರುವಿಗೆ ನೊಗ ಹೂಡಿದ ಹಾಗೆ. ಕುಂಟೆಬಿಲ್ಲೆ ಆಡುವ ಹುಡುಗಿ ಒಂಟಿ ಕಾಲಲ್ಲಿ ಮೈ ತೂಗಿಸುತ್ತಾಳೆ, ಗೆರೆ ತುಳಿಯದ ಹಾಗೆ ಕಾಲನ್ನು ಅಂಕೆಯಲ್ಲಿಡುತ್ತಾಳೆ, ಮನೆ ಎಣಿಸುತ್ತಾಳೆ, ತನ್ನ ಸರದಿಗೆ ಕಾಯುತ್ತಾಳೆ. ಅಳಿಗುಳಿ ಮಣೆಯಲ್ಲಿ ಹುಣಸೆಬೀಜ ಹಾಕುವ ಮಗು ಒಂದು ಬೀಜಕ್ಕೆ ಒಂದು ಗುಳಿ ಎಂದು ಲೆಕ್ಕದ ಬೇರನ್ನೇ ಹಿಡಿಯುತ್ತೆ. ಕಣ್ಣಾಮುಚ್ಚಾಲೆಯಲ್ಲಿ ಅಡಗಿಕೊಂಡವನು ಬಂದ ನಗುವನ್ನು ತಡೆದುಕೊಳ್ಳುತ್ತಾನೆ. ತಡೆದುಕೊಳ್ಳುವುದು ಸಣ್ಣ ವಿದ್ಯೆಯಲ್ಲ. ಮನಸ್ಸು ಹಿಡಿದು ಕೂರುವುದು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವುದು, ಒಂದು ದಾರಿ ಸಾಗದಿದ್ದರೆ ಇನ್ನೊಂದನ್ನು ಹುಡುಕುವುದು, ಇವುಗಳ ಮೇಲೆಯೇ ಮುಂದಿನ ಓದೆಲ್ಲ ನಿಲ್ಲುತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮಾತು. ಮನೆಯಾಟ ಆಡುವಾಗ "ನೀನು ಅವ್ವ ಆಗು, ನಾನು ಕೂಲಿಯಿಂದ ಬತ್ತೀನಿ, ನೀನು ಮುದ್ದೆ ಇಕ್ಕು" ಎಂದು ನಮ್ಮ ಮಕ್ಕಳು ಕಟ್ಟುವ ಮಾತಿನ ಉದ್ದ ನೋಡಿ. ನಿನ್ನೆ, ನಾಳೆ, ಹೀಗಾದರೆ ಹಾಗೆ, ಎಲ್ಲ ಅದರಲ್ಲಿದೆ. ಅದೇ ಮಗುವನ್ನು ಬೆಂಚಿನ ಮೇಲೆ ಕೂರಿಸಿ "ವಾಟ್ ಈಸ್ ದಿಸ್" ಎಂದು ಕೇಳಿದರೆ ಒಂದೇ ಶಬ್ದದ ಉತ್ತರ ಹೇಳಿ ಬಾಯಿ ಮುಚ್ಚುತ್ತೆ. ಆಗ ಟೀಚರು ಬರೆಯುತ್ತಾರೆ: ಈ ಮಗು ಹಿಂದುಳಿದಿದೆ. ಯಾರು ಹಿಂದುಳಿದವರು?

*

ಈಗ ಊರೂರಿಗೆ ಹಳದಿ ವ್ಯಾನು ಬರುತ್ತಿದೆ. ಮೂರು ವರ್ಷದ ಕೂಸಿಗೆ ಟೈ ಕಟ್ಟಿ, ಶೂ ತೊಡಿಸಿ, ನಿದ್ದೆಗಣ್ಣಲ್ಲೇ ಎತ್ತಿ ವ್ಯಾನಿಗೆ ತುಂಬುತ್ತಾರೆ. ಎಲ್ ಕೆ ಜಿ. ಅಲ್ಲಿ ಮಣ್ಣಿಲ್ಲ, ಮರ ಇಲ್ಲ, ಮರಳಿಲ್ಲ. ಮಹಡಿ ಮೇಲೆ ಒಂದು ಕೋಣೆ, ಗೋಡೆಗೆ ಮಿಕ್ಕಿಮೌಸು. ಮಗುವಿನ ಕೈಗೆ ಕಾಪಿ, ಹೋಂವರ್ಕು, ಪರೀಕ್ಷೆ. ಮಾತಾಡಿದರೆ ಬಾಯಿ ಮೇಲೆ ಬೆರಳು. ಇದಕ್ಕೆ ನರ್ಸರಿ ಎಂದು ಹೆಸರು. ನರ್ಸರಿ ಎಂದರೆ ಸಸಿಮಡಿ. ಸಸಿಯನ್ನು ದಿನಾ ಕಿತ್ತು ಬೇರು ಎಷ್ಟು ಬಂತು ಎಂದು ಅಳೆಯುವ ರೈತನನ್ನು ನೀವು ಕಂಡಿದ್ದೀರಾ?

1993ರಲ್ಲಿ ಪ್ರೊಫೆಸರ್ ಯಶಪಾಲ್ ಸಮಿತಿ ಶಾಲೆಯ ಹೊರೆಯ ಬಗ್ಗೆ ವರದಿ ಕೊಟ್ಟಾಗಲೇ ನರ್ಸರಿಗಳ ಈ ಹುಚ್ಚಾಟದ ಬಗ್ಗೆ ಎಚ್ಚರಿಸಿತ್ತು. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯೂ ಈ ವಯಸ್ಸಿಗೆ ಆಟವೇ ಪಾಠ ಎಂದಿತು. 2020ರ ಹೊಸ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕ ಕಲಿಕೆ ಎಂದು ಬರೆದುಕೊಂಡಿದೆ. ಕಾಗದದಲ್ಲಿ ಎಲ್ಲರಿಗೂ ಆಟ ಗೊತ್ತು. ಕಾಗದ ದಿಲ್ಲಿಯಲ್ಲಿ ಆಡುತ್ತಿದೆ, ಮಕ್ಕಳು ಮಹಡಿಯ ಮೇಲೆ ಕೈಕಟ್ಟಿ ಕೂತಿದ್ದಾರೆ.

ಇನ್ನೂ ಒಂದು ವಂಚನೆ ಇದೆ. ನಗರದ ಶ್ರೀಮಂತರ ಬಡಾವಣೆಗಳಲ್ಲಿ ಈಗ ಬೇರೆಯದೇ ಶಾಲೆಗಳು. ಅಲ್ಲಿ ಮರಳಗುಂಡಿ ಇದೆ, ಮರದ ಗೊಂಬೆ ಇದೆ, ಮಣ್ಣು ಕಲಸಲು ಬಿಡುತ್ತಾರೆ. ಹೋಂವರ್ಕಿಲ್ಲ, ಪರೀಕ್ಷೆ ಇಲ್ಲ. ಅದಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಫೀಜು. ಅಂದರೆ ಉಳ್ಳವರು ತಮ್ಮ ಮಕ್ಕಳಿಗೆ ಆಟವನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ. ನಮ್ಮ ಮಕ್ಕಳ ಕೈಯಲ್ಲಿ ಪುಕ್ಕಟೆ ಇದ್ದ ಆಟವನ್ನು ಕಿತ್ತುಕೊಳ್ಳಲು ನಾವು ಸಂಘದಲ್ಲಿ ಸಾಲ ಮಾಡಿ ಫೀಜು ಕಟ್ಟುತ್ತಿದ್ದೇವೆ. ಇದಕ್ಕಿಂತ ದೊಡ್ಡ ಮೋಸ ಯಾವುದು?

*

ಚರಿತ್ರೆ ನೋಡಿ. ಸಣ್ಣ ಮಕ್ಕಳ ಶಾಲೆ ಶ್ರೀಮಂತರ ಅಂಗಡಿಯಾಗಿ ಹುಟ್ಟಿದ್ದಲ್ಲ.

ಜರ್ಮನಿಯ ಫ್ರೊಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಆಟದ ಶಾಲೆ ತೆರೆದ. ಅದಕ್ಕೆ ಮಕ್ಕಳ ತೋಟ ಎಂದು ಹೆಸರಿಟ್ಟ. ಕಿಂಡರ್‌ಗಾರ್ಟನ್ ಎಂಬುದು ಅದೇ ಹೆಸರು. ಮರದ ಚೆಂಡು, ಘನ, ಕೋಲು, ಹಾಡು, ಕೈತೋಟ. 1851ರಲ್ಲಿ ಪ್ರಷ್ಯಾದ ಸರ್ಕಾರ ಈ ಶಾಲೆಗಳನ್ನು ನಿಷೇಧಿಸಿತು. ಕಾರಣ ಕೊಟ್ಟದ್ದು ಏನು ಗೊತ್ತೆ? ನಾಸ್ತಿಕತೆ, ಸಮಾಜವಾದ! ಮರದ ಚೆಂಡು ಉರುಳಿಸುವ ಮಕ್ಕಳನ್ನು ಕಂಡು ರಾಜಶಾಹಿ ನಡುಗಿತು. ಮುಂದಿನ ವರ್ಷವೇ ಫ್ರೊಬೆಲ್ ಸತ್ತ. ನಿಷೇಧ ತೆಗೆದದ್ದು 1860ರಲ್ಲಿ. ಆಡುವ ಮಗು ತಾನೇ ಯೋಚಿಸುತ್ತೆ, ತಾನೇ ಯೋಚಿಸುವವನು ಹೇಳಿದ್ದಕ್ಕೆಲ್ಲ ತಲೆಬಾಗುವುದಿಲ್ಲ. ಈ ಸತ್ಯ ಆಳುವವರಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಮಾಂಟೆಸ್ಸರಿ ಎಂದರೆ ಈಗ ಬೋರ್ಡು ಹಾಕಿಕೊಂಡು ಡೊನೇಷನ್ ಕೀಳುವ ಹೆಸರಾಗಿದೆ. ಡಾಕ್ಟರ್ ಮಾರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ. ಅಪ್ಪ ಅವ್ವ ಕೆಲಸಕ್ಕೆ ಹೋದ ಮೇಲೆ ಬೀದಿಯಲ್ಲಿ ಬಿದ್ದಿರುತ್ತಿದ್ದ ಮಕ್ಕಳವು. ಲಂಡನ್ನಿನ ಡೆಪ್ಟ್‌ಫರ್ಡಿನಲ್ಲಿ ಮಾರ್ಗರೆಟ್ ಮ್ಯಾಕ್‌ಮಿಲನ್ 1914ರಲ್ಲಿ ಬಯಲು ನರ್ಸರಿ ಕಟ್ಟಿದ್ದೂ ಕೊಳೆಗೇರಿಯ ಮಕ್ಕಳಿಗೆ. ಅಲ್ಲಿ ತೋಟವೇ ಶಾಲೆ. ಬಡವರಿಂದ ಹುಟ್ಟಿದ ವಿದ್ಯೆಯನ್ನು ಉಳ್ಳವರು ಒಯ್ದು, ತೊಳೆದು, ಬೆಲೆ ಹಚ್ಚಿ, ನಮಗೇ ಮಾರುತ್ತಿದ್ದಾರೆ.

ನಮ್ಮ ನೆಲದಲ್ಲೂ ಇದೇ ಕತೆ. ತಾರಾಬಾಯಿ ಮೋಡಕ್ ಎಂಬ ಹೆಣ್ಣುಮಗಳು 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಬಾಲವಾಡಿ ಶುರು ಮಾಡಿದರು. ಊರ ನಡುವಿನ ಬಾಲವಾಡಿಗೆ ಬಾರದ ಮಕ್ಕಳಿದ್ದರು. ಬಾರದವರು ಯಾರು, ಯಾಕೆ ಬರಲಿಲ್ಲ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಲಿ ಎಂದು ಅವರು ಮಕ್ಕಳಿದ್ದಲ್ಲಿಗೇ ಹೋದರು. ಅಂಗಳದ ವಾಡಿ, ಅಂಗನವಾಡಿ. ಹುಣಸೆಬೀಜ, ಚಿಪ್ಪು, ಎಲೆ, ಮಣ್ಣು, ಸಿಕ್ಕಿದ್ದೇ ಆಟದ ಸಾಮಾನು. ಅವರ ಜೊತೆ ಅನುತಾಯಿ ವಾಘ್ ಜೀವ ಸವೆಸಿದರು. 1957ರಿಂದ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಆ ಕೆಲಸ ಮುಂದುವರಿಯಿತು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಎಂದು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ, 100 ಅಂಗನವಾಡಿಗಳು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚಿವೆ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಐವತ್ತು ವರ್ಷ ಆಯಿತು. ಪೌಷ್ಟಿಕ ಆಹಾರ ಕೊಟ್ಟರು, ಲಸಿಕೆ ಹಾಕಿಸಿದರು, ತೂಕ ನೋಡಿದರು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಹಸಿದ ಹೊಟ್ಟೆಗೆ ಬಿದ್ದ ಒಂದು ಹಿಡಿ ಅನ್ನಕ್ಕೂ ಬೆಲೆ ಇದೆ. ಆದರೆ ಆಟ ಎಲ್ಲಿ ಹೋಯಿತು?

*

ಅಂಗನವಾಡಿ ಟೀಚರಮ್ಮನನ್ನು ಕೇಳಿ, ಗೊತ್ತಾಗುತ್ತೆ. ಬೆಳಗ್ಗೆ ಬಾಗಿಲು ತೆಗೆದಲ್ಲಿಂದ ರಿಜಿಸ್ಟರು. ಬಸುರಿಯರ ಲೆಕ್ಕ, ಬಾಣಂತಿಯರ ಲೆಕ್ಕ, ತೂಕದ ಲೆಕ್ಕ. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಲೆಕ್ಕ ಬೇರೆ. ಸಿಗ್ನಲ್ ಇಲ್ಲ ಎಂದು ಮರದ ಕೆಳಗೆ ಫೋನ್ ಎತ್ತಿ ಹಿಡಿದು ನಿಲ್ಲಬೇಕು. ಚುನಾವಣೆ ಬಂದರೆ ಮತದಾರರ ಪಟ್ಟಿ. ಸರ್ವೆ ಎಂದರೆ ಇವರೇ. 2020ರಲ್ಲಿ ಕೊರೊನಾ ಬಂದಾಗ ಮನೆಮನೆ ತಿರುಗಿದವರೂ ಇವರೇ. "ಸಾರ್, ಹೈಕ್ಳ ಮುಖ ನೋಡಕ್ಕೆ ಪುರುಸೊತ್ತಿಲ್ಲ, ಇನ್ ಆಟ ಎಲ್ಲಿ ಆಡುಸ್ಲಿ?" ಎಂದು ನಮ್ಮೂರ ಟೀಚರಮ್ಮ ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳ ಚಟುವಟಿಕೆಗೆ 'ಚಿಲಿಪಿಲಿ' ಎಂಬ ಪುಸ್ತಕ ಇದೆ, ಚೆನ್ನಾಗಿಯೇ ಇದೆ. ಅದನ್ನು ತೆರೆಯುವ ಹೊತ್ತನ್ನು ಕಸಿದವರು ಅದನ್ನು ಅಚ್ಚು ಹಾಕಿಸಿದವರೇ.

ಇಷ್ಟು ದುಡಿಸಿಕೊಂಡು ಕೊಡುವುದಕ್ಕೆ ಸಂಬಳ ಎಂಬ ಹೆಸರೂ ಇಲ್ಲ. ಗೌರವಧನ! ಗೌರವವೂ ಇಲ್ಲ, ಧನವೂ ಇಲ್ಲ. ಇವರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಲು 2022 ಬರಬೇಕಾಯಿತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್ ಕೆ ಜಿ, ಯು ಕೆ ಜಿ ತೆರೆಯುತ್ತೇವೆ ಎಂದು ಸರ್ಕಾರ ಹೊರಟಾಗ ಈ ಹೆಂಗಸರು ಬೆಂಗಳೂರಿಗೆ ಬಂದು ಬೀದಿಯಲ್ಲಿ ಕೂತರು. ಮೂರರಿಂದ ಆರರ ಮಕ್ಕಳನ್ನು ನಮ್ಮಿಂದ ಕಿತ್ತುಕೊಂಡರೆ ಅಂಗನವಾಡಿಯಲ್ಲಿ ಉಳಿಯುವುದೇನು ಎಂದು ಕೇಳಿದರು. ಅದು ಬರೀ ಹೊಟ್ಟೆಪಾಡಿನ ಪ್ರಶ್ನೆ ಎಂದು ಸುದ್ದಿ ಓದಿ ಮುಗಿಸಿದೆವು. ಅದು ನಮ್ಮ ಮಕ್ಕಳ ಅಂಗಳದ ಪ್ರಶ್ನೆಯೂ ಆಗಿತ್ತು.

ಕಾನೂನಿನ ಕೈಚಳಕವನ್ನೂ ನೋಡಿ. ಬಾಬಾಸಾಹೇಬರು ಕೊಟ್ಟ ಸಂವಿಧಾನದ 45ನೇ ವಿಧಿಯ ಮೂಲ ರೂಪದಲ್ಲಿ 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳು ಎಂದಿತ್ತು. ಎಲ್ಲ ಮಕ್ಕಳು ಎಂದರೆ ತೊಟ್ಟಿಲ ಕೂಸೂ ಸೇರಿತು. 2002ರ 86ನೇ ತಿದ್ದುಪಡಿಯಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದೆವು ಎಂದು ಡಂಗುರ ಸಾರಿದರು. ಯಾರಿಗೆ? ಆರರಿಂದ ಹದಿನಾಲ್ಕರವರಿಗೆ ಮಾತ್ರ. ಆರರ ಕೆಳಗಿನ ಕೂಸುಗಳಿಗೆ ಸರ್ಕಾರ 'ಪ್ರಯತ್ನಿಸತಕ್ಕದ್ದು' ಎಂದು ಬರೆದು ಪಕ್ಕಕ್ಕೆ ಸರಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಅಷ್ಟೇ: ಆರರ ಒಳಗಿನವರಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು. ಬಹುದು! ಮಿದುಳು ಅತಿ ವೇಗವಾಗಿ ಬೆಳೆಯುವ ವಯಸ್ಸಿಗೆ 'ಬಹುದು', ಆಮೇಲಿನದಕ್ಕೆ 'ಹಕ್ಕು'. ಅಡಿಪಾಯಕ್ಕೆ ದುಡ್ಡಿಲ್ಲ, ಗೋಡೆಗೆ ಸುಣ್ಣ.

*

ಇಲ್ಲಿಗೆ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದ ಹಾಗಾಗುತ್ತೆ. ಆಟ ಒಳ್ಳೆಯದು ಎಂದು ಹಾಡಿ ಹೊಗಳುವ ಇನ್ನೊಂದು ಗುಂಪಿದೆ. ಜಾನಪದ ಜಾತ್ರೆ ಮಾಡಿ, ಪಂಚೆ ಉಟ್ಟುಕೊಂಡು ಬುಗುರಿ ಬಿಟ್ಟು, "ಆಹಾ, ನಮ್ಮ ಹಳ್ಳಿಯ ಆಟಗಳು, ಎಂಥ ಸೌಹಾರ್ದ" ಎಂದು ಫೋಟೊ ತೆಗೆಸಿಕೊಳ್ಳುವವರು. ಸ್ವಾಮಿ, ಆ ಹಳ್ಳಿಯ ಆಟದಲ್ಲಿ ನಾವೂ ಇದ್ದೆವು. ನೀವು ಮರೆತಿದ್ದೀರಿ, ನಾವು ಮರೆತಿಲ್ಲ.

ಚಿನ್ನಿ ಊರೊಳಗಿನ ಹಿತ್ತಿಲಿಗೆ ಹಾರಿ ಬಿದ್ದರೆ ತರಲು ಹೋಗಬಾರದವರು ನಾವು. ಲಗೋರಿಯ ಚೆಂಡು ಬೆನ್ನಿಗೆ ಬಿದ್ದರೆ ಸರಿ, ಕೈ ಬೆನ್ನಿಗೆ ತಾಗಿದರೆ ಮನೆಗೆ ಹೋಗಿ ಮಿಂದವರು ನೀವು. ಬಾವಿ ಕಟ್ಟೆಯ ಹತ್ತಿರ ಆಟ ಬಂದರೆ ಆಟ ಅಲ್ಲಿಗೆ ಮುಗಿಯಿತು. ಭೀಮರಾವ್ ಎಂಬ ಹುಡುಗ ಸತಾರದ ಶಾಲೆಗೆ ಮನೆಯಿಂದ ಗೋಣಿತಟ್ಟು ಹೊತ್ತುಕೊಂಡು ಹೋಗಿ ಮೂಲೆಯಲ್ಲಿ ಬೇರೆ ಕೂರುತ್ತಿದ್ದದ್ದನ್ನು, ಜವಾನ ನೀರು ಬಿಟ್ಟರಷ್ಟೇ ಬಾಯಾರಿಕೆ ತೀರುತ್ತಿದ್ದದ್ದನ್ನು ತಾನೇ ಬರೆದಿಟ್ಟಿದ್ದಾನೆ. ನಲ್ಲಿ ಮುಟ್ಟಬಾರದ ಹುಡುಗನನ್ನು ಮುಟ್ಟಾಟಕ್ಕೆ ಯಾರು ಕರೆದಿದ್ದಾರು?

ಆಟವೂ ಮುಗ್ಧವಲ್ಲ. ಮಗು ತಾನು ಕಂಡದ್ದನ್ನೇ ಆಡುತ್ತೆ. ನಮ್ಮ ಹಟ್ಟಿಯ ಮಕ್ಕಳ ಗೌಡನಾಟ ನೋಡಿದ್ದೀರಾ? ಒಬ್ಬ ಕಲ್ಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಇನ್ನೊಬ್ಬ ಟವೆಲ್ ಕಂಕುಳಿಗೆ ಇಟ್ಟುಕೊಂಡು "ಬುದ್ಧೀ" ಎಂದು ಬಗ್ಗಿ ನಿಲ್ಲುತ್ತಾನೆ. ಇಬ್ಬರೂ ನಗುತ್ತಾರೆ. ನಾವೂ ನಕ್ಕಿದ್ದೇವೆ. ಆ ನಗು ನಮ್ಮ ಗಂಟಲಲ್ಲಿ ಇವತ್ತೂ ಸಿಕ್ಕಿಕೊಂಡಿದೆ. ಆದರೆ ಅದೇ ಆಟದಲ್ಲಿ ಸ್ವಲ್ಪ ಹೊತ್ತಾದ ಮೇಲೆ ಒಂದು ಮಾತು ಬರುತ್ತೆ: "ಈಗ ನಾನು ಗೌಡ, ನೀನು ಆಳು." ಸರದಿ ಬದಲಾಗುತ್ತೆ! ದೊಡ್ಡವರ ಊರಿನಲ್ಲಿ ಮೂರು ಸಾವಿರ ವರ್ಷ ಬದಲಾಗದ ಸರದಿ ಮಕ್ಕಳ ಆಟದಲ್ಲಿ ಒಂದು ಗಳಿಗೆಯಲ್ಲಿ ಬದಲಾಗುತ್ತೆ. ಯಾರೂ ಹುಟ್ಟಿನಿಂದ ಗೌಡನಲ್ಲ, ಅದೊಂದು ವೇಷ ಎಂದು ಐದು ವರ್ಷದ ಮಗುವಿಗೆ ಮೈಯಲ್ಲೇ ಗೊತ್ತಾಗುತ್ತೆ. ಇದಕ್ಕಿಂತ ದೊಡ್ಡ ರಾಜಕೀಯ ಪಾಠ ಯಾವ ಅಧ್ಯಯನ ಶಿಬಿರದಲ್ಲಿದೆ?

ಅದಕ್ಕೇ ಅಂಗನವಾಡಿಯ ವೃತ್ತ ಮುಖ್ಯ. ಎಲ್ಲ ಜಾತಿಯ ಮಕ್ಕಳು ಕೈ ಕೈ ಹಿಡಿದು ಸುತ್ತಬೇಕಾದ ಮೊದಲ ಜಾಗ ಅದು. ಅದಕ್ಕೇ ಕೆಲವರಿಗೆ ಅದು ಬೇಡ. ಅಡುಗೆ ಮಾಡುವವಳು ನಮ್ಮವಳಾದರೆ ಮಕ್ಕಳನ್ನು ಬಿಡಿಸಿಕೊಂಡು ಹೋಗುವ ಊರುಗಳು ಇನ್ನೂ ಇವೆ. ಊರೊಳಗೊಂದು, ಹಟ್ಟಿಗೊಂದು ಎಂದು ಅಂಗನವಾಡಿಯನ್ನೇ ಸೀಳಿದ ಕಡೆ ಜಗಳ ಇಲ್ಲ, ಶಾಂತಿ ಇದೆ ಎನ್ನುತ್ತಾರೆ. ಅದು ಸ್ಮಶಾನದ ಶಾಂತಿ. ಹಳದಿ ವ್ಯಾನು ಊರಿನ ಉಳ್ಳವರ ಮಕ್ಕಳನ್ನೆಲ್ಲ ಹೊತ್ತುಕೊಂಡು ಹೋದ ಮೇಲೆ ಅಂಗನವಾಡಿಯಲ್ಲಿ ಉಳಿಯುವುದು ನಮ್ಮ ಮಕ್ಕಳು ಮಾತ್ರ. ಮುಟ್ಟಿಸಿಕೊಳ್ಳದೆ ಇರಲು ಈಗ ಮಡಿ ಬೇಕಿಲ್ಲ, ಫೀಜು ಸಾಕು.

*

ಈಗ ನಮ್ಮವರ ಮಾತಿಗೆ ಬರೋಣ. ಹೋದ ತಿಂಗಳು ಹಟ್ಟಿಯ ಜಗಲಿಯಲ್ಲಿ ಈ ವಿಷಯ ಎತ್ತಿದಾಗ ಒಬ್ಬ ಅವ್ವ ನಮ್ಮನ್ನು ಅಡ್ಡ ಹಾಕಿದಳು:

"ಅಲ್ಲ ಕಣಪ್ಪ, ನೀವು ಓದ್ದೋರು ಹಿಂಗೇ ಏಳ್ತೀರಿ. ಆಟ ಆಡ್ಲಿ ಆಟ ಆಡ್ಲಿ ಅಂತ ನಮ್ ಹೈಕ್ಳ ಮಣ್ಣಲ್ಲೇ ಬುಟ್ರೆ, ಗೌಡ್ರ ಹೈಕ್ಳು ಟುಸ್ ಪುಸ್ ಅಂತ ಇಂಗ್ಲೀಸ್ ಕಲ್ತು ಆಫೀಸರ್ ಆಯ್ತವೆ. ನಮ್ವು ಮತ್ತೆ ಅವರ ಗದ್ದೆಗೇ ಓಗ್ಬೇಕಾ? ನಿಮ್ ಮಕ್ಳು ಎಲ್ಲಿ ಓದ್ತಾವೆ ಏಳಿ ಮೊದ್ಲು!"

ಈ ಮಾತಿಗೆ ನಾವು ತಲೆ ತಗ್ಗಿಸಿದೆವು. ಅವಳು ಕೇಳಿದ್ದು ಸರಿ. ಅಕ್ಷರ ಕೊಡದೆ ಸಾವಿರಾರು ವರ್ಷ ಹೊರಗಿಟ್ಟ ಜನ ಅಕ್ಷರಕ್ಕೆ ಅವಸರ ಪಡುವುದು ತಪ್ಪಲ್ಲ. ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ ನಮಗೆ ಕನ್ನಡ, ಸಂಸ್ಕೃತಿ, ಮಣ್ಣು ಎಂದು ಬೋಧಿಸುವ ಸೋಗಲಾಡಿಗಳ ಸಾಲಿನಲ್ಲಿ ನಾವಿಲ್ಲ. ನಾವು ಹೇಳುವುದು ಇಷ್ಟೇ ಅವ್ವ: ಆ ವ್ಯಾನಿನ ನರ್ಸರಿ ನಿನಗೆ ಇಂಗ್ಲಿಷನ್ನೂ ಕೊಡುತ್ತಿಲ್ಲ. ಅರ್ಥವಾಗದ ಶಬ್ದವನ್ನು ಬಾಯಿಪಾಠ ಮಾಡಿಸಿ ನಿನ್ನ ಕೂಲಿಯ ದುಡ್ಡು ಎಣಿಸಿಕೊಳ್ಳುತ್ತಿದೆ. ಕೋಲಿನಲ್ಲಿ ಕುದುರೆ ಕಂಡ ಮಗು ನಾಳೆ ಕನ್ನಡವನ್ನೂ ಕಲಿಯುತ್ತೆ, ಇಂಗ್ಲಿಷನ್ನೂ ಕಲಿಯುತ್ತೆ.

ಇದು ಬರೀ ಬಾಯಿಮಾತಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ 123 ಬಡ ಕಪ್ಪು ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಿಶುಶಾಲೆ ಕೊಟ್ಟರು. ಇವತ್ತು ಏನು ಮಾಡಬೇಕು ಎಂದು ಮಕ್ಕಳೇ ಯೋಚಿಸಿ, ಮಾಡಿ, ಆಮೇಲೆ ಮಾಡಿದ್ದನ್ನು ಹೇಳುವ ಶಾಲೆ. ಇನ್ನೊಂದು ಗುಂಪಿಗೆ ಕೊಡಲಿಲ್ಲ. ನಲವತ್ತು ವರ್ಷ ವಯಸ್ಸಾಗುವವರೆಗೂ ಅವರನ್ನು ಹಿಂಬಾಲಿಸಿದರು. ಶಿಶುಶಾಲೆಗೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ದುಡಿಮೆ ಹೆಚ್ಚು, ಜೈಲಿನ ದಾರಿ ಹಿಡಿದವರು ಕಡಿಮೆ. ಅದೇ ಊರಿನಲ್ಲಿ 1967ರಿಂದ ಇನ್ನೊಂದು ಸಣ್ಣ ಪರೀಕ್ಷೆ. ಬಡ ಮಕ್ಕಳ ಒಂದು ಗುಂಪಿಗೆ ಕೂರಿಸಿ ನೇರ ಪಾಠ, ಉಳಿದ ಎರಡು ಗುಂಪಿಗೆ ಮಕ್ಕಳೇ ಆರಿಸಿಕೊಂಡ ಆಟ ಚಟುವಟಿಕೆ. ಮೊದಮೊದಲು ಮೂವರ ಬುದ್ಧಿಯ ಅಳತೆಯೂ ಒಂದೇ ಥರ ಏರಿತು. ಇಪ್ಪತ್ತಮೂರನೇ ವಯಸ್ಸಿಗೆ ನೋಡಿದರೆ ಕೂರಿಸಿ ಪಾಠ ಹೇಳಿಸಿಕೊಂಡವರಲ್ಲಿ ಪೊಲೀಸರ ಕೈಗೆ ಸಿಕ್ಕವರು, ಮನಸ್ಸು ಕದಡಿಕೊಂಡವರು ಹೆಚ್ಚಾಗಿದ್ದರು. ಲೆಕ್ಕ ಸಣ್ಣದು, ಅದರ ಮೇಲೆ ಕೋಟೆ ಕಟ್ಟಬೇಡಿ. ಆದರೆ ಆಡಿದ್ದರಿಂದ ಯಾವ ಮಗುವೂ ಹಿಂದೆ ಬೀಳಲಿಲ್ಲ ಎಂಬುದನ್ನು ಗಮನಿಸಿ.

ಆ ಕಪ್ಪು ಜನರ ಹೋರಾಟದಿಂದಲೂ ನಾವು ಕಲಿತಿದ್ದೇವೆ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡದ್ದು ಅವರ ಬ್ಲ್ಯಾಕ್ ಪ್ಯಾಂಥರ್ಸ್‌ರಿಂದ. ಬಂದೂಕು ಹಿಡಿದ ಅವರ ಚಿತ್ರ ಮಾತ್ರ ನಮ್ಮ ಪೋಸ್ಟರಿಗೆ ಬಂತು. ಅದೇ ಪ್ಯಾಂಥರುಗಳು 1969ರಲ್ಲಿ ಓಕ್‌ಲ್ಯಾಂಡಿನಲ್ಲಿ ಬೆಳಗ್ಗೆ ಎದ್ದು ಕೇರಿಯ ಮಕ್ಕಳಿಗೆ ತಿಂಡಿ ಬಡಿಸುತ್ತಿದ್ದ ಚಿತ್ರ ಬರಲಿಲ್ಲ.

ಇದು ನಮ್ಮ ಮೇಲೆ ನಾವೇ ಹೊರಿಸುವ ಆಪಾದನೆ. ಚಳವಳಿಯಲ್ಲಿ ನಾವು ಹಾಡು ಕಟ್ಟಿದೆವು, ತಮಟೆ ಬಡಿದೆವು, ಡಿಸಿ ಆಫೀಸಿನ ಮುಂದೆ ಕೂತೆವು. ಮಕ್ಕಳ ಕೋಣೆಯೊಳಗೆ ಬಗ್ಗಿ ನೋಡಲಿಲ್ಲ. ಅದು ಹೆಂಗಸರ ಕೆಲಸ ಎಂದೆವು. ಈ ದೇಶದಲ್ಲಿ ಸಾವಿತ್ರಿಬಾಯಿ 1848ರಲ್ಲಿ ಸಗಣಿ ಎಸೆತ ತಿಂದು ಮಾಡಿದ ಕೆಲಸವನ್ನೂ 'ಹೆಂಗಸರ ಕೆಲಸ' ಎಂದು ಬಿಟ್ಟೆವು. ನಮ್ಮ ಮನೆಯ ಐದು ವರ್ಷದ ಹೆಣ್ಣು ಕೂಸು ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ಗೋಡೆಗೆ ಒರಗಿ, ಬೇರೆ ಮಕ್ಕಳು ಕುಂಟೆಬಿಲ್ಲೆ ಆಡುವುದನ್ನು ನೋಡುತ್ತಾ ನಿಂತಿರುತ್ತಾಳೆ. ಸಭೆ ಮುಗಿಸಿ ಬರುವ ನಾವು ಅವಳನ್ನು ದಾಟಿಕೊಂಡೇ ಮನೆಗೆ ಹೋಗಿದ್ದೇವೆ. ಎಷ್ಟು ಸಲ?

*

ಆದ್ದರಿಂದ ನಾವು ಕೇಳುತ್ತೇವೆ, ಕೇಳುತ್ತಲೇ ಇರುತ್ತೇವೆ.

ಮೂರರಿಂದ ಆರು ವರ್ಷದ ಮಗುವಿನ ಕಲಿಕೆಯನ್ನು 'ಬಹುದು' ಎಂಬ ದಾನದಿಂದ ತೆಗೆದು ಹಕ್ಕು ಮಾಡಿ. ಅಂಗನವಾಡಿ ಹೆಂಗಸರಿಗೆ ಗೌರವಧನದ ಭಿಕ್ಷೆ ನಿಲ್ಲಿಸಿ ಸಂಬಳ ಕೊಡಿ. ಅವರ ಕೈಯಿಂದ ಸರ್ವೆಯ ಕಾಗದ ಕಿತ್ತುಕೊಂಡು ಮಕ್ಕಳ ಜೊತೆ ಇರಲು ಬಿಡಿ. ಪ್ರತಿ ಅಂಗನವಾಡಿಗೂ ಒಂದು ಅಂಗಳ ಇರಲಿ, ಅದರಲ್ಲಿ ಮಣ್ಣು, ಮರಳು, ನೀರು, ಒಂದು ಮರದ ನೆರಳು ಇರಲಿ. ಊರಿಗೂ ಹಟ್ಟಿಗೂ ಒಂದೇ ಅಂಗನವಾಡಿ ಇರಲಿ. ಕೂಲಿಗೆ ಹೋಗುವ ತಾಯಂದಿರ ಹೊತ್ತಿಗೆ ಸರಿಯಾಗಿ ಕೂಸಿನ ಮನೆ ನಡೆಯಲಿ, ಅಕ್ಕಂದಿರ ಸೊಂಟದ ಮೇಲಿನ ಕೂಸು ಕೆಳಗೆ ಇಳಿಯಲಿ. ಆರು ವರ್ಷದೊಳಗಿನ ಮಗುವಿಗೆ ಪರೀಕ್ಷೆ, ಸಂದರ್ಶನ, ಹೋಂವರ್ಕು ಇಡುವ ಅಂಗಡಿಗಳ ಬಾಗಿಲು ಹಾಕಿಸಿ.

ನಮ್ಮ ಗೆಳೆಯರಿಗೆ, ಹಳ್ಳಿ ಮೇಷ್ಟ್ರುಗಳಿಗೆ, ಹಾಸ್ಟೆಲ್ಲಿನ ತಮ್ಮಂದಿರು ತಂಗಿಯರಿಗೆ ಒಂದು ಮಾತು. ಸರ್ಕಾರ ಕೊಡುವವರೆಗೆ ಕಾಯಬೇಡಿ. ಮುಂದಿನ ಭಾನುವಾರ ನಿಮ್ಮ ಹಟ್ಟಿಯ ಅಂಗನವಾಡಿಗೆ ಹೋಗಿ. ಬೀಗ ಇದ್ದರೆ ಮುಂದಿನ ಅಂಗಳವೇ ಸಾಕು. ಒಂದು ಗುದ್ದಲಿ ತಗೊಳ್ಳಿ, ಕಲ್ಲು ಮುಳ್ಳು ತೆಗೆಯಿರಿ. ಒಂದು ಬುಟ್ಟಿ ಹುಣಸೆಬೀಜ, ಒಂದು ಗಾಡಿ ಮರಳು, ಒಂದು ಹಳೇ ಟೈರು. ಊರ ಮಕ್ಕಳನ್ನೂ ಕರೆಯಿರಿ. ಬಾರದಿದ್ದರೆ ಮತ್ತೆ ಕರೆಯಿರಿ. ಯಾರು ಕಳಿಸಲಿಲ್ಲ, ಯಾಕೆ ಕಳಿಸಲಿಲ್ಲ ಎಂದು ಬರೆದಿಡಿ. ಅದು ಮುಂದಿನ ಸಂಚಿಕೆಗೆ ನೀವು ಕಳಿಸಬೇಕಾದ ಲೇಖನ.

ಮಕ್ಕಳಿಗೆ ಗುಂಪು ಮಾಡಿ ಕೊಡಬೇಡಿ, ಆಟ ಹೇಳಿಕೊಡಲು ಅವಸರ ಪಡಬೇಡಿ. ಕೂತು ನೋಡಿ. ಸರದಿ ಹೇಗೆ ಬದಲಾಗುತ್ತೆ, ಬಿದ್ದವನನ್ನು ಯಾರು ಎತ್ತುತ್ತಾರೆ, ಮೋಸ ಮಾಡಿದವನಿಗೆ ಏನು ಹೇಳುತ್ತಾರೆ ನೋಡಿ. ಆಮೇಲೆ ನಮ್ಮ ಸಮಿತಿಗಳ ಸಭೆಗೆ ಬಂದು ಕೂರಿ.

ಮಿಯಾಪುರದ ಆ ಕೂಸು ಇವತ್ತು ಶಾಲೆಗೆ ಹೋಗುವ ವಯಸ್ಸಿಗೆ ಬಂದಿರಬೇಕು. ಅದು ಮತ್ತೆ ಓಡಲಿ. ಅದರ ಕಾಲಿಗೆ ಅಡ್ಡ ಬಂದ ಹೊಸಿಲು ಯಾವುದೇ ಇರಲಿ, ಶುದ್ಧಿ ಆಗಬೇಕಾದ್ದು ಆ ಹೊಸಿಲು.